1,94,000 ಕಿಲೋಮೀಟರ್ ಓಡಿದ ಹೈಬ್ರಿಡ್ ಕಾರು, 9 ಲಕ್ಷ ದುಡ್ಡು, ನಮ್ಮಣ್ಣನ ಮದುವೆ

1/10

ಫೋಟೋದಲ್ಲಿರೋ ಬಿಳಿ ಕಾರು ನಮ್ದಲ್ಲ. ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ "ಟ್ರೀಟ್ ಯಾವಾಗ" ಅಂತ ಶುರು ಹಚ್ಕೋತೀರ.

ಇದು ಟೊಯೋಟಾ ಕ್ಯಾಮ್ರಿ ಹೈಬ್ರಿಡ್. 2014ರ ಮಾಡೆಲ್. ಮೀಟರ್‌ನಲ್ಲಿ 1,94,000 ಕಿಲೋಮೀಟರ್. ಕೇಳ್ತಿರೋ ಬೆಲೆ 7,40,000. ಹೊಸದಿದ್ದಾಗ ಸುಮಾರು 30 ಲಕ್ಷದ ಕಾರು. ನಮ್ಮಣ್ಣ ಇದನ್ನ ತಗೋಬೇಕು ಅಂತ ಒಂದೂವರೆ ತಿಂಗಳಿಂದ ಹಠ ಹಿಡಿದು ಕೂತವನೆ. ಅಪ್ಪ ಬಾಯಿ ಬಿಡ್ತಿಲ್ಲ. "ನೀನು ಬಿಕಾಂ ಓದ್ತಿದೀಯಲ್ಲ, ಲೆಕ್ಕ ಹಾಕಿ ಹೇಳು" ಅಂತ ಅಮ್ಮ ಪೆನ್ನು ಪುಸ್ತಕ ನನ್ನ ಮುಂದೆ ಇಟ್ಟಳು. ಹಾಕಿದೆ. ಆ ಲೆಕ್ಕಾನೇ ಈ ಹತ್ತು ಪೋಸ್ಟ್. ಅಣ್ಣನ ಒಪ್ಪಿಗೆ ತಗೊಂಡೇ ಬರೀತಿದೀನಿ.

ನನ್ನ ವಾದ ಎರಡೇ ಸಾಲು. ಜಾಸ್ತಿ ಓಡಿದೆ ಅನ್ನೋ ಒಂದೇ ಕಾರಣಕ್ಕೆ ಒಂದು ಕಾರನ್ನ ಬೇಡ ಅನ್ಬೇಡಿ. ಕಮ್ಮಿ ಬೆಲೆಗೆ ಸಿಕ್ತು ಅನ್ನೋ ಒಂದೇ ಕಾರಣಕ್ಕೆ ದೊಡ್ಡ ಕಾರನ್ನ ಮನೆ ಮುಂದೆ ನಿಲ್ಲಿಸ್ಬೇಡಿ.

ಯಾಕೆ ಅಂತ ಓದಿ.

2/10

ಮೊದಲು ಅಣ್ಣನ ಕಡೆಯಿಂದ ಹೇಳ್ತೀನಿ, ಯಾಕಂದ್ರೆ ಅವನು ಶೋಕಿ ಮನುಷ್ಯ ಅಲ್ಲ.

ಅವನಿಗೆ 31. ಪಾಂಡವಪುರದ ಕಡೆ ಹೋಗೋ ದಾರಿಯಲ್ಲಿ ನಮ್ಮ ಎರಡು ಎಕರೆ ಕಬ್ಬು, ಗುತ್ತಿಗೆಗೆ ಹಿಡಿದ ಒಂದು ಆಲೆಮನೆ. ಬೆಳಗಿನ ಜಾವ ನಾಲ್ಕಕ್ಕೆ ಒಲೆ ಮುಂದೆ ಇರ್ತಾನೆ. ಮೂರು ಕಡೆ ಹೆಣ್ಣು ನೋಡಿ ಬಂದ್ವಿ. ಮೂರೂ ಕಡೆ ಮಾತು ಒಂದೇ: "ಹುಡುಗ ಒಳ್ಳೇವ್ನು, ಆದ್ರೆ ವ್ಯವಸಾಯ." ಮೂರನೇ ಮನೆಯಲ್ಲಿ ಹುಡುಗಿ ಮಾವ ನಮ್ಮ ಹಳೇ ಓಮ್ನಿ ಕಡೆ ಒಂದ್ಸಲ ನೋಡಿ, ಕಾಫಿ ಲೋಟ ಕೆಳಗಿಟ್ಟು, "ಬೆಂಗ್ಳೂರಲ್ಲಿ ಏನಾರ ಮಾಡ್ಕಂಡಿದ್ರೆ ಚೆನ್ನಾಗಿತ್ತು" ಅಂದ್ರು. ಅವತ್ತಿಂದ ಶುರುವಾಗಿದ್ದು ಈ ಕ್ಯಾಮ್ರಿ.

ಇದು ನಮ್ಮನೆ ಒಂದರ ಕಥೆ ಅಲ್ಲ ಅಂತ ನಿಮಗೂ ಗೊತ್ತು. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯಿಂದ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದ್ರು. ರೀಲ್ಸ್ ನೋಡಿ ಎಲ್ರೂ ನಕ್ವಿ. ನಾನೂ ನಕ್ಕಿದ್ದೆ. ನಮ್ಮನೇಲೇ ಒಬ್ಬ ಇದಾನೆ ಅಂತ ಆಮೇಲೆ ಹೊಳೀತು.

ಅದಕ್ಕೆ ನಾನು ಅವನಿಗೆ "ಕಾರು ಯಾಕೆ ನಿಂಗೆ" ಅಂತ ಕೇಳಲ್ಲ. "ಈ ಕಾರು ಆ ಕೆಲಸ ಮಾಡುತ್ತಾ, ಮಾಡಿದ್ರೆ ಎಷ್ಟಕ್ಕೆ" ಅಂತ ಕೇಳ್ತೀನಿ.

3/10

ಕಾರಿನ ಬಗ್ಗೆ ಸ್ವಲ್ಪ. ಇದು ಹೊರದೇಶದ್ದಲ್ಲ, ನಮ್ಮ ದಾರಿಯಲ್ಲೇ ಹುಟ್ಟಿದ್ದು. ಬೆಂಗಳೂರಿಗೆ ಹೋಗ್ತಾ ಬಿಡದಿಯಲ್ಲಿ ಟೊಯೋಟಾ ಫ್ಯಾಕ್ಟರಿ ಇದೆಯಲ್ಲ, 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಅಲ್ಲೇ ಜೋಡಿಸೋಕೆ ಶುರು ಮಾಡಿದ್ರು. ಅದೇ ಕಂಪನಿಯ ಐಷಾರಾಮಿ ಬ್ರ್ಯಾಂಡ್ ಲೆಕ್ಸಸ್ 2017ರಲ್ಲಿ ಭಾರತಕ್ಕೆ ಬಂತು. ಅದರ ಇಎಸ್ 300ಎಚ್ 2020ರಲ್ಲಿ ಬಿಡದಿಯಲ್ಲೇ ತಯಾರಾಗೋಕೆ ಶುರುವಾಯ್ತು. ಹಳೇ ಕಾರಿನ ಮಾರುಕಟ್ಟೆಯಲ್ಲಿ ನೀವು ನೋಡೋ "ಹೈಬ್ರಿಡ್ ಲಕ್ಷುರಿ" ಬಹುಪಾಲು ಈ ಎರಡರ ಸುತ್ತಾನೇ.

ಹೈಬ್ರಿಡ್ ಅಂದ್ರೆ ಪ್ಲಗ್ ಹಾಕಿ ಚಾರ್ಜ್ ಮಾಡೋ ಕಾರು ಅಂತ ನಮ್ಮ ಕ್ಲಾಸಲ್ಲೇ ಅರ್ಧ ಜನ ಅಂದ್ಕೊಂಡಿದೀರ. ಇದು ಹಾಗಲ್ಲ. 2.5 ಲೀಟರ್ ಪೆಟ್ರೋಲ್ ಎಂಜಿನ್ ಇದೆ, ಜೊತೆಗೆ ಎಲೆಕ್ಟ್ರಿಕ್ ಮೋಟಾರ್, ಹಿಂದಿನ ಸೀಟಿನ ಬೆನ್ನಿಗೆ ಒಂದು ದೊಡ್ಡ ಬ್ಯಾಟರಿ. ಬ್ರೇಕ್ ಒತ್ತಿದಾಗ, ಇಳಿಜಾರಲ್ಲಿ ಬಿಟ್ಟಾಗ, ಸುಮ್ಮನೆ ಬಿಸಿಯಾಗಿ ಹೋಗೋ ಶಕ್ತಿ ಬ್ಯಾಟರಿಗೆ ಸೇರುತ್ತೆ. ನಿಧಾನವಾಗಿ ಹೋಗುವಾಗ ಎಂಜಿನ್ ಆಫ್ ಆಗಿ ಮೋಟಾರ್ ಎಳೆಯುತ್ತೆ.

ಇದರಿಂದ ಒಂದು ಲಾಭ ಇದೆ, ಅದನ್ನ ಅಣ್ಣನ ಪರವಾಗಿ ಒಪ್ಕೊಳ್ಳಲೇಬೇಕು. ಈ ವ್ಯವಸ್ಥೆಯಲ್ಲಿ ಕ್ಲಚ್ ಪ್ಲೇಟ್ ಸವೆಯೋದಿಲ್ಲ, ಯಾಕಂದ್ರೆ ಮಾಮೂಲಿ ಕ್ಲಚ್ಚೇ ಇಲ್ಲ. ಬೇರೆ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಬ್ರೇಕ್ ಪ್ಯಾಡ್ ತುಂಬಾ ದಿನ ಬಾಳುತ್ತೆ. ಇದೇ ಕಂಪನಿಯ ಪ್ರಿಯಸ್ 1997ರಲ್ಲಿ ಜಪಾನಿನಲ್ಲಿ ಬಂತು, ಆಮೇಲೆ ಎಷ್ಟೋ ದೇಶಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದೆ. ಹಾಗಾಗಿ "ಎರಡು ಲಕ್ಷ ಓಡಿದೆ, ಗುಜರಿಗೆ ಹಾಕು" ಅನ್ನೋ ಮಾತು ಈ ಕಾರಿಗೆ ಸರಿ ಹೋಗಲ್ಲ.

4/10

ಈ 1.94 ಲಕ್ಷದ ಕಾರಿಗೆ ಮುಂಚೆ ಇನ್ನೊಂದು ನೋಡಿದ್ವಿ. ಅದೇ ಮಾಡೆಲ್, ಮೀಟರ್‌ನಲ್ಲಿ ಬರೀ 82,000. ಬೆಲೆ 8,60,000. ಸೀಟಿಗೆ ಹೊಸ ಕವರ್, ಒಳಗೆ ಮಲ್ಲಿಗೆ ಸೆಂಟಿನ ವಾಸನೆ. ಅಣ್ಣ ಫಿದಾ.

ನಾನು ಚಾಸಿ ನಂಬರ್ ಬರ್ಕೊಂಡು ಸರ್ವಿಸ್ ದಾಖಲೆ ವಿಚಾರಿಸೋಣ ಅಂದೆ. ಮಾರೋನು "ಅದೆಲ್ಲಾ ಯಾಕಮ್ಮ, ಗಾಡಿ ಮಾತಾಡ್ತದೆ" ಅಂದ. ಗಾಡಿ ನಿಜವಾಗ್ಲೂ ಮಾತಾಡಿತು. ಬ್ರೇಕ್ ಪೆಡಲ್ ರಬ್ಬರ್ ನುಣ್ಣಗಾಗಿತ್ತು. ಸ್ಟೀರಿಂಗ್ ಮೇಲಿನ ಚರ್ಮ ಹೊಳೀತಿತ್ತು. ಕೊನೆಗೆ ದಾಖಲೆ ಸಿಕ್ಕಾಗ ನೋಡಿದ್ರೆ ನಾಲ್ಕು ವರ್ಷದ ಹಿಂದೆ ಸರ್ವಿಸ್‌ಗೆ ಬಂದಾಗಲೇ ಆ ಕಾರು 1,40,000 ದಾಟಿತ್ತು. ಮುಂದಕ್ಕೆ ಹೋಗೋ ಮೀಟರ್ ಹಿಂದಕ್ಕೆ ಬಂದಿತ್ತು.

ಈಗ ಎರಡನೇ ಕಾರು. ಮೈಸೂರಿನ ಒಬ್ರು ನಿವೃತ್ತ ಮೇಷ್ಟ್ರದ್ದು, ಮಗ ಕೊಡಿಸಿದ್ದಂತೆ. ಒಂದು ಫೈಲು ತಂದು ಮುಂದಿಟ್ಟರು. ಮೊದಲ ಸರ್ವಿಸ್‌ನಿಂದ ಕೊನೆಯದರವರೆಗೆ ಪ್ರತಿ ಬಿಲ್ಲು ತಾರೀಖಿನ ಪ್ರಕಾರ ಜೋಡಿಸಿತ್ತು. 11 ವರ್ಷಕ್ಕೆ 1,94,000 ಅಂದ್ರೆ ವರ್ಷಕ್ಕೆ 17,600 ಚಿಲ್ಲರೆ, ದಿನಕ್ಕೆ 48 ಕಿಲೋಮೀಟರ್. ದಿನಾ ಓಡಾಡಿದ ಕಾರು. ಹೈಬ್ರಿಡ್‌ಗೆ ಇದು ಒಳ್ಳೇದೇ. ನಿಂತಲ್ಲೇ ನಿಂತ್ರೆ ಬ್ಯಾಟರಿಗೆ ಚಾರ್ಜ್ ಕೊಡೋರು ಯಾರೂ ಇರಲ್ಲ.

ನಾವು ಬಿಕಾಂನವರಿಗೆ ಇದು ಹೊಸದೇನಲ್ಲ. ಲೆಕ್ಕದ ಪುಸ್ತಕದಲ್ಲಿ ಕೊನೆಯ ಮೊತ್ತ ಚೆನ್ನಾಗಿದೆ ಅಂತ ಆಡಿಟರ್ ಸೈನ್ ಹಾಕಲ್ಲ, ವೋಚರ್ ಕೇಳ್ತಾನೆ. ವೋಚರ್ ಇಲ್ಲದ 82,000ಕ್ಕಿಂತ ವೋಚರ್ ಇರೋ 1,94,000 ಮೇಲು.

5/10

ಹಾಗಾದ್ರೆ ತಗೊಂಡ್ಬಿಡೋದೇ? ತಡ್ಕೊಳಿ.

ಈ ಕಾರಿನಲ್ಲಿ ಎಲ್ಲರೂ ಹೆದರೋದು ಒಂದಕ್ಕೆ, ಆ ದೊಡ್ಡ ಬ್ಯಾಟರಿಗೆ. ಆಗಿನ ಕ್ಯಾಮ್ರಿಯಲ್ಲಿ ಇರೋದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಸಣ್ಣ ಸಣ್ಣ ಮಾಡ್ಯೂಲ್‌ಗಳನ್ನ ಸರಪಳಿ ತರ ಜೋಡಿಸಿರ್ತಾರೆ. ಒಂದು ಸೊರಗಿದ್ರೆ ಉಳಿದವಕ್ಕೂ ಭಾರ. ಬಿಸಿ ಇದಕ್ಕೆ ದೊಡ್ಡ ಶತ್ರು. ಅದನ್ನ ತಂಪು ಮಾಡೋಕೆ ಒಂದು ಫ್ಯಾನ್ ಇದೆ, ಅದು ಗಾಳಿ ಎಳ್ಕೊಳ್ಳೋದು ಕಾರಿನ ಒಳಗಿಂದ, ಹಿಂದಿನ ಸೀಟಿನ ಹತ್ರ ಇರೋ ಜಾಲರಿಯಿಂದ.

ಈಗ ನಮ್ಮೂರು ನೆನಪಿಸ್ಕೊಳಿ. ಕಬ್ಬಿನ ತರಗು, ಆಲೆಮನೆ ಬೂದಿ, ಟ್ರ್ಯಾಕ್ಟರ್ ಎಬ್ಬಿಸೋ ಕೆಂಪು ಧೂಳು. ಆ ಜಾಲರಿ ಮುಂದೆ ಅಮ್ಮ ಸಂತೆ ಚೀಲ ಇಟ್ರೆ ಮುಗೀತು. ಅಡ್ಡ ಏನೂ ಇರಬಾರದು, ಫಿಲ್ಟರ್ ಇದ್ರೆ ಕ್ಲೀನ್ ಮಾಡಿಸ್ತಾ ಇರಬೇಕು. ಇನ್ನು ಇಲಿ. ತರಗಿನ ರಾಶಿ ಪಕ್ಕ ನಿಲ್ಲಿಸಿದ ಗಾಡಿಯ ವೈರು ಇಲಿ ಕಡಿಯೋದು ನಮ್ಮಲ್ಲಿ ಹೊಸ ಸುದ್ದಿಯೇನಲ್ಲ. ಓಮ್ನಿ ವೈರಾದ್ರೆ ಊರಲ್ಲೇ ಸುತ್ತಿ ಕೊಡ್ತಾರೆ. ಇದರಲ್ಲಿ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಇರುತ್ತೆ, ಗೊತ್ತಿಲ್ಲದೋರು ಮುಟ್ಟೋ ಹಾಗಿಲ್ಲ.

ಈಗಿನ ಹೊಸ ಹೈಬ್ರಿಡ್‌ಗಳಿಗೆ ಟೊಯೋಟಾ ಬ್ಯಾಟರಿ ಮೇಲೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತೆ. ಆ ಲೆಕ್ಕದಲ್ಲಿ ನೋಡಿದ್ರೂ 2014ರ ಈ ಕಾರು ಎರಡೂ ಗೆರೆ ದಾಟಿದೆ. ಇನ್ನು ಕೆಟ್ಟರೆ ನಮ್ಮ ಜೇಬೇ ವಾರಂಟಿ. ಮೈಸೂರಿನಲ್ಲಿ ಹೈಬ್ರಿಡ್ ಬಲ್ಲ ಮೆಕ್ಯಾನಿಕ್ ಒಬ್ರನ್ನ ಕೇಳಿದೆ. "ಎರಡು ಲಕ್ಷ ತೆಗೆದಿಟ್ಟು ಆಮೇಲೆ ಕಾರು ತಗೋಳಮ್ಮ. ಆ ದುಡ್ಡು ಖರ್ಚೇ ಆಗದೆ ಇರಬಹುದು. ಆದ್ರೆ ಇರಬೇಕು" ಅಂದ್ರು. ಈ ಸರಣಿಯಲ್ಲಿ ನೀವು ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳಿ.

6/10

"ಹೈಬ್ರಿಡ್ ಅಲ್ವೇನಮ್ಮಿ, ಪೆಟ್ರೋಲ್ ಉಳೀತದೆ, ಆ ದುಡ್ಡಲ್ಲೇ ಬ್ಯಾಟ್ರಿ ಬತ್ತದೆ." ಅಣ್ಣನ ವಾದ. ಲೆಕ್ಕ ಹಾಕೋಣ.

ನಾವು ವರ್ಷಕ್ಕೆ 10,000 ಕಿಲೋಮೀಟರ್ ಓಡಿಸ್ತೀವಿ ಅಂತ ಇಟ್ಕೊಳಿ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಹಿಡೀರಿ.

ಈ ಹೈಬ್ರಿಡ್, ಮೇಷ್ಟ್ರು ಹೇಳಿದ ಮೈಲೇಜ್ 15: ಸುಮಾರು 667 ಲೀಟರ್, 68,700 ರೂಪಾಯಿ.
ಇಷ್ಟೇ ದೊಡ್ಡ ಮಾಮೂಲಿ ಪೆಟ್ರೋಲ್ ಕಾರು, ಮೈಲೇಜ್ 11 ಅಂದ್ರೆ: ಸುಮಾರು 909 ಲೀಟರ್, 93,600 ರೂಪಾಯಿ.
ಒಂದು ಸಣ್ಣ ಕಾರು, ಮೈಲೇಜ್ 18 ಅಂದ್ರೆ: ಸುಮಾರು 556 ಲೀಟರ್, 57,200 ರೂಪಾಯಿ.

ದೊಡ್ಡ ಪೆಟ್ರೋಲ್ ಕಾರಿಗೆ ಹೋಲಿಸಿದ್ರೆ ವರ್ಷಕ್ಕೆ 25,000 ಉಳೀತು. ಎರಡು ಲಕ್ಷದ ಬ್ಯಾಟರಿ ದುಡ್ಡು ಹುಟ್ಟೋಕೆ ಎಂಟು ವರ್ಷ ಬೇಕು. ಸಣ್ಣ ಕಾರಿಗೆ ಹೋಲಿಸಿದ್ರೆ ಉಳಿಯೋದೇ ಇಲ್ಲ, 11,500 ಜಾಸ್ತಿ ಹೋಗುತ್ತೆ. ಹೈಬ್ರಿಡ್ ಅಂದ್ರೆ ಉಳಿತಾಯ ಅಲ್ಲ, ದೊಡ್ಡ ಕಾರಿನ ದೊಡ್ಡ ಖರ್ಚು ಸ್ವಲ್ಪ ಇಳಿಯುತ್ತೆ ಅಷ್ಟೇ.

ಇನ್ನೊಂದು. ಹೈಬ್ರಿಡ್ ಗೆಲ್ಲೋದು ನಿಂತು ನಿಂತು ಹೋಗೋ ಟ್ರಾಫಿಕ್ಕಲ್ಲಿ, ಸಿಲ್ಕ್ ಬೋರ್ಡ್ ತರದ ಕಡೆ. ನಾವು ಓಡಾಡೋದು ಎಲ್ಲಿ? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ, ಬ್ರೇಕ್ ಒತ್ತದೆ ಒಂದೇ ಸಮ 100ರಲ್ಲಿ. ಅಲ್ಲಿ ಬ್ಯಾಟರಿಗೆ ಮಾಡೋಕೆ ಕೆಲಸ ಕಮ್ಮಿ. ಟ್ರಾಫಿಕ್ ಜಾಮ್‌ಗೆ ಹೇಳಿ ಮಾಡಿಸಿದ ಕಾರನ್ನ ಜಾಮ್ ಇಲ್ಲದ ಊರಿಗೆ ತರ್ತಿದೀವಿ.

ಮತ್ತೆ ಎಥನಾಲ್. ನಮ್ಮದೇ ಕಬ್ಬಿನ ಬೆಳೆಯ ಪಾಲು ಈಗ ಪೆಟ್ರೋಲ್ ಬಂಕಿಗೆ ಬಂದಿದೆ, ಶೇ 20ರ ಮಿಶ್ರಣ. ರೈತರ ಮನೆ ಮಗಳಾಗಿ ನಾನು ಅದಕ್ಕೆ ವಿರೋಧ ಇಲ್ಲ. ಆದರೆ 2014ರ ಕಾರು ಆ ಲೆಕ್ಕದಲ್ಲಿ ತಯಾರಾದದ್ದಲ್ಲ. ಯಾವ ಹಳೇ ಗಾಡಿ ತಗೊಂಡ್ರೂ ಅದರ ಕೈಪಿಡಿಯಲ್ಲಿ ಎಷ್ಟು ಎಥನಾಲ್ ತಡೆಯುತ್ತೆ ಅಂತ ಬರೆದಿರೋದನ್ನ ಓದಿ.

7/10

ಕಾಗದ ಪತ್ರ. ಇದನ್ನ ಸೇವ್ ಮಾಡ್ಕೊಳಿ, ಸ್ಕೂಟಿ ತಗೊಳ್ಳುವಾಗ್ಲೂ ಬೇಕಾಗುತ್ತೆ.

ಮಾಲೀಕತ್ವ ಬದಲಾಯಿಸೋಕೆ ಫಾರಂ 29 ಮತ್ತು 30. ಗಾಡಿ ಮೇಲೆ ಸಾಲ ಇದ್ದಿದ್ರೆ ಅದು ತೀರಿದೆ ಅನ್ನೋಕೆ ಫಾರಂ 35, ಜೊತೆಗೆ ಬ್ಯಾಂಕಿನ ಪತ್ರ. ಬೇರೆ ರಾಜ್ಯದಿಂದ ಬಂದಿದ್ರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ, ಅದಕ್ಕೆ ಫಾರಂ 28.

ಡೆಲ್ಲಿ ಕಾರು ಅರ್ಧ ಬೆಲೆಗೆ ಅಂತ ರೀಲ್ಸ್ ಬರುತ್ತಲ್ಲ, ಅದರ ಹಿಂದೆ ಕಾರಣ ಇದೆ. ಡೆಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧದ ತಲೆನೋವು ವರ್ಷಗಳಿಂದ ಇದೆ. ಅದಕ್ಕೆ ಅಲ್ಲಿಯವರು ಬೇಗ ಮಾರ್ತಾರೆ. ಇಲ್ಲಿಗೆ ತಂದು ಕೆಎ ನಂಬರ್ ಮಾಡಿಸೋವಾಗ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸು ನೋಡಿ ಕಮ್ಮಿಯಾಗುತ್ತೆ, ಆದ್ರೂ ದೊಡ್ಡ ಕಾರಿಗೆ ದೊಡ್ಡ ಮೊತ್ತಾನೇ. ರೀಲ್ಸ್‌ನವನು ಅದನ್ನ ಹೇಳಲ್ಲ.

ಜಿಎಸ್‌ಟಿ. 2024ರ ಡಿಸೆಂಬರ್‌ನಲ್ಲಿ ಕೌನ್ಸಿಲ್ ಹಳೇ ಕಾರುಗಳಿಗೆ ಶೇ 18 ಅಂದಾಗ "ಏಳು ಲಕ್ಷದ ಮೇಲೆ ಶೇ 18 ನಾವು ಕಟ್ಬೇಕಂತೆ" ಅಂತ ವಾಟ್ಸಾಪಲ್ಲಿ ಓಡಾಡ್ತು. ತಪ್ಪು. ನೋಂದಾಯಿತ ವ್ಯಾಪಾರಿ ತನ್ನ ಲಾಭದ ಅಂತರದ ಮೇಲೆ ಮಾತ್ರ ಕಟ್ಟೋದು. ಮೇಷ್ಟ್ರ ತರ ಖಾಸಗಿ ಮನುಷ್ಯ ನಮ್ಮ ತರ ಖಾಸಗಿಯವರಿಗೆ ಮಾರಿದ್ರೆ ಜಿಎಸ್‌ಟಿಯೇ ಇಲ್ಲ.

ನೋಂದಣಿ 15 ವರ್ಷಕ್ಕೆ. ಈ ಕಾರಿಗೆ 2029ರಲ್ಲಿ ಮುಗಿಯುತ್ತೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಇನ್ಶೂರೆನ್ಸ್‌ನಲ್ಲಿ ಬರೀ ಥರ್ಡ್ ಪಾರ್ಟಿ ಕಂತೇ 1500 ಸಿಸಿ ಮೇಲಿನ ಕಾರಿಗೆ 2022ರಲ್ಲಿ ನಿಗದಿಯಾದ ದರದಂತೆ ವರ್ಷಕ್ಕೆ 7,897. ಹೈಬ್ರಿಡ್‌ಗೆ ಅದರಲ್ಲಿ ಶೇ 7.5 ರಿಯಾಯಿತಿ ಇದೆ, ಕೇಳಿ ಪಡೀರಿ.

8/10

ಈಗ ನಮ್ಮನೆ ಲೆಕ್ಕ. ಇದನ್ನ ಬರೆಯೋಕೆ ಸ್ವಲ್ಪ ಮುಜುಗರ ಆಯ್ತು, ಆದ್ರೂ ಬರೀತೀನಿ.

ತಾತನ ಕಾಲದ ಅರ್ಧ ಎಕರೆ ಮಾರಿ, ಸೊಸೈಟಿ ಸಾಲ, ಕೈಸಾಲ ಎಲ್ಲಾ ತೀರಿಸಿ ಉಳಿದಿರೋದು 9,00,000. ಅಷ್ಟೇ. ಇನ್ನೊಂದು ಅರ್ಧ ಎಕರೆ ಮಾರೋಕೆ ಇಲ್ಲ.

ಕಾರಿಗೆ 7,40,000.
ನಾಲ್ಕು ಟೈರು 45,000.
ಪೂರ್ತಿ ಇನ್ಶೂರೆನ್ಸ್ 35,000.
ಆಯಿಲ್, ಕೂಲಂಟ್, ಸಣ್ಣ ಬ್ಯಾಟರಿ ಸೇರಿ ಮೊದಲ ಸರ್ವಿಸ್ 30,000.
ವರ್ಗಾವಣೆ, ಓಡಾಟ 10,000.
ಒಟ್ಟು 8,60,000.

ಉಳೀತು 40,000. ಆ ಎರಡು ಲಕ್ಷದ ಮೀಸಲು ಎಲ್ಲಿಂದ ಬರುತ್ತೆ? 1,60,000 ಕಮ್ಮಿ ಬಿತ್ತು. ಮುಂದಿನ ವರ್ಷ ನನ್ನ ಎಂಕಾಂ ಫೀಸು, ಹಾಸ್ಟೆಲ್ಲು, ಅದಿನ್ನೂ ಈ ಪಟ್ಟಿಯಲ್ಲೇ ಇಲ್ಲ. ಹೌದು, ನನಗೂ ಇದರಲ್ಲಿ ಸ್ವಾರ್ಥ ಇದೆ. ಮುಚ್ಚಿಟ್ಟು ನ್ಯಾಯ ಹೇಳೋದಕ್ಕಿಂತ ಹೇಳಿಬಿಡೋದು ಒಳ್ಳೇದು.

ಕ್ಲಾಸಲ್ಲಿ ಸವಕಳಿ ಕಲ್ತಿದೀವಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಮಾಮೂಲಿ ಕಾರಿಗೆ ವರ್ಷಕ್ಕೆ ಶೇ 15, ಇಳಿದ ಮೌಲ್ಯದ ಮೇಲೆ. 30 ಲಕ್ಷದ ಕಾರು 11 ವರ್ಷಕ್ಕೆ ಪುಸ್ತಕದಲ್ಲಿ ಸುಮಾರು 5 ಲಕ್ಷಕ್ಕೆ ಇಳಿಯುತ್ತೆ. ಮಾರುಕಟ್ಟೆ 7.4 ಕೇಳ್ತಿದೆ, ಅದು ಇರಲಿ. ನನ್ನ ಪಾಯಿಂಟ್ ಬೇರೆ. ಕಾರಿನ ಬೆಲೆ 30ರಿಂದ 7ಕ್ಕೆ ಇಳೀತು. ಬಿಡಿಭಾಗದ ಬೆಲೆ ಇಳಿದಿಲ್ಲ. ಹೆಡ್‌ಲೈಟ್ ಒಡೆದ್ರೆ 30 ಲಕ್ಷದ ಕಾರಿನ ಹೆಡ್‌ಲೈಟೇ ತರಬೇಕು. ನಾವು ಏಳು ಲಕ್ಷದ ಕಾರಿನ ಮಾಲೀಕರಾಗ್ತೀವಿ, ಖರ್ಚು ಮಾತ್ರ 30 ಲಕ್ಷದ ಕಾರಿನ ಮಾಲೀಕರದ್ದು. ಮೊದಲ ಮಾಲೀಕರು ಆ ಖರ್ಚು ತಡ್ಕೊಳ್ಳೋ ಶಕ್ತಿ ಇದ್ದು ತಗೊಂಡ್ರು.

ಅದೇ ಹೊತ್ತಲ್ಲಿ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಇದೇ ದುಡ್ಡಿಗೆ, ಇನ್ನೂ ಕಮ್ಮಿಗೂ, ವಾರಂಟಿ ಇರೋ ಹೊಸ ಸಣ್ಣ ಕಾರು ಬರುತ್ತೆ.

9/10

ಇಷ್ಟೆಲ್ಲಾ ಓದಿ ಹೇಳಿದಾಗ ಅಣ್ಣ ಸಿಟ್ಟಾಗಲಿಲ್ಲ. ಜಗಲಿ ಮೇಲೆ ಕೂತು, "ನಿನ್ ಲೆಕ್ಕ ಸರಿ ಕಣಮ್ಮಿ. ಆದ್ರೆ ಹೆಣ್ ಕೊಡೋರು ಮೀಟ್ರು ನೋಡಕಿಲ್ಲ, ಫೈಲೂ ನೋಡಕಿಲ್ಲ. ಬಾಗ್ಲಲ್ಲಿ ನಿಂತಿರೋ ಕಾರ್ ನೋಡ್ತಾರೆ" ಅಂದ.

ಇದಕ್ಕೆ ಎಕ್ಸೆಲ್ ಶೀಟಲ್ಲಿ ಉತ್ತರ ಇಲ್ಲ. ಆದ್ರೆ ಒಬ್ಬ ಹುಡುಗಿಯಾಗಿ ನನ್ನ ಹತ್ರ ಇದೆ.

ನಾಳೆ ನನ್ನ ನೋಡೋಕೂ ಯಾರೋ ಬರ್ತಾರೆ. ಬಾಗಿಲಲ್ಲಿ ದೊಡ್ಡ ಕಾರು ನಿಂತ್ರೆ ನಮ್ಮ ಚಿಕ್ಕಪ್ಪಂದಿರು ಎದ್ದು ನಿಲ್ತಾರೆ, ನಿಜ. ನಾನು ಒಳಗೆ ಕಾಫಿ ಲೋಟ ಜೋಡಿಸ್ತಾ ಯೋಚಿಸೋದು ಬೇರೆ. ಸಾಲ ಎಷ್ಟಿದೆ? ಆ ಮನೇಲಿ ನನ್ನ ಓದು ನಿಲ್ಲುತ್ತಾ? ಇವನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗ್ತಾನಾ? ರೈತನ್ನ ಬೇಡ ಅನ್ನೋ ಹುಡುಗೀರಿಗೆ ಸೊಕ್ಕು ಅಂತೀರಲ್ಲ, ಹೆಚ್ಚಿನವರಿಗೆ ಇರೋದು ಭಯ. ಅಮ್ಮಂದಿರ ಜೀವನ ನೋಡಿ ಹುಟ್ಟಿದ ಭಯ. ಆ ಭಯ ಕ್ಯಾಮ್ರಿ ನೋಡಿದ್ರೆ ಹೋಗಲ್ಲ. ಮದುವೆಯಾಗಿ ಮೂರನೇ ತಿಂಗಳಿಗೆ ಡ್ಯಾಶ್‌ಬೋರ್ಡಲ್ಲಿ ಕೆಂಪು ತ್ರಿಕೋನ ಉರಿದು, ಅವಳ ಬಳೆ ಅಡ ಇಡೋ ಹಾಗಾದ್ರೆ, ಆ ಭಯ ನಿಜವಾಗುತ್ತೆ.

ಕಾರು ನೋಡಿ ಒಪ್ಪಿದ ಮನೆಯವರಿಗೆ ಕಾರು ಕೆಟ್ಟಾಗ ಏನು ತೋರಿಸೋದು?

ಅಣ್ಣನಿಗೆ ಇದನ್ನೇ ಹೇಳಿದೆ. "ನೀನು ನಾಲ್ಕು ಗಂಟೆಗೆ ಎದ್ದು ಅಚ್ಚುಬೆಲ್ಲ ಮಾಡ್ತೀಯ. ಮುಂದಿನ ಸಲ ನೋಡೋಕೆ ಹೋದಾಗ ಎರಡು ಕೆಜಿ ತಗೊಂಡೋಗು, ಸಾಲ ಇಲ್ಲ ಅಂತ ಬಾಯಿಬಿಟ್ಟು ಹೇಳು" ಅಂತ. ಅವನು ನಕ್ಕ. ಒಪ್ಪಿದಾನೆ ಅಂತಲ್ಲ.

10/10

ಹಾಗಾದ್ರೆ ನನ್ನ ತೀರ್ಪು.

ನಿಮ್ಮನೇಲಿ ಯಾರಾದ್ರೂ ತುಂಬಾ ಓಡಿದ ಹೈಬ್ರಿಡ್ ಲಕ್ಷುರಿ ಕಾರು ನೋಡ್ತಿದ್ರೆ, ನಾಲ್ಕು ಷರತ್ತು. ಒಂದು, ಸರ್ವಿಸ್ ಫೈಲು ಮೊದಲಿಂದ ಕೊನೆವರೆಗೂ ಇರಬೇಕು. ಎರಡು, ಹೈಬ್ರಿಡ್ ಗೊತ್ತಿರೋರ ಹತ್ರ ಸ್ಕ್ಯಾನರ್ ಹಾಕಿಸಿ ಬ್ಯಾಟರಿಯ ಒಂದೊಂದು ಭಾಗದ ವೋಲ್ಟೇಜ್ ನೋಡಿಸಬೇಕು. ಒಂದಕ್ಕೂ ಇನ್ನೊಂದಕ್ಕೂ ತುಂಬಾ ಅಂತರ ಇದ್ರೆ ಕೈಮುಗಿದು ಬನ್ನಿ. ಮೂರು, ದಿನಾ ಓಡಿಸೋ ಕೆಲಸ ನಿಮಗಿರಬೇಕು. ಮದುವೆ ಮುಂಜಿಗೆ ಮಾತ್ರ ತೆಗೆಯೋದಾದ್ರೆ ಬೇಡ. ನಾಲ್ಕು, ಕಾರು ತಗೊಂಡ ಮೇಲೂ ಬ್ಯಾಟರಿಯ ದುಡ್ಡು ಬ್ಯಾಂಕಲ್ಲಿ ಮಲಗಿರಬೇಕು. ನಾಲ್ಕೂ ಇದ್ರೆ ಎರಡು ಲಕ್ಷ ಕಿಲೋಮೀಟರಿಗೆ ಹೆದರಬೇಡಿ, ಧೈರ್ಯವಾಗಿ ತಗೊಳಿ. ನಿಶ್ಶಬ್ದವಾಗಿ ಹೋಗೋ ಆ ಕಾರು ಒಂದ್ಸಲ ಓಡಿಸಿ ನೋಡಿದೆ, ಕರಿಘಟ್ಟದ ರಸ್ತೇಲಿ. ಸುಖ ಇದೆ, ಸುಳ್ಳು ಹೇಳಲ್ಲ.

ನಮಗೆ ಮೊದಲನೇದು ಇದೆ. ಎರಡನೇದು ಈ ಭಾನುವಾರ ಗೊತ್ತಾಗುತ್ತೆ, ಮೇಷ್ಟ್ರು ತಾವೇ ಮೈಸೂರಿಗೆ ಕಾರು ತರ್ತೀನಿ ಅಂದಿದಾರೆ. ಮೂರು, ನಾಲ್ಕು ಇಲ್ಲ. ಹಾಗಾಗಿ ನನ್ನ ಉತ್ತರ: ಬೇಡ, ಈಗ ಬೇಡ.

ಅಪ್ಪ ಎಲ್ಲಾ ಕೇಳಿಸ್ಕೊಂಡು, ಬೀಡಿ ಆರಿಸಿ, "ಭಾನುವಾರ ಆಗ್ಲಿ, ನೋಡುಮ" ಅಂದ್ರು. ನಮ್ಮನೇಲಿ ನೋಡುಮ ಅಂದ್ರೆ ಹೌದೂ ಆಗಬಹುದು, ಇಲ್ಲಾನೂ ಆಗಬಹುದು. ತೀರ್ಮಾನ ನನ್ನದಲ್ಲ, ದುಡ್ಡೂ ನನ್ನದಲ್ಲ. ಲೆಕ್ಕ ಮಾತ್ರ ನಂದು, ಅದನ್ನ ಸರಿಯಾಗಿ ಮಾಡಿದೀನಿ.

ನಿಮ್ಮನೇಲಿ ಹಳೇ ಕಾರು ತಗೊಂಡು ಗೆದ್ದವರು, ಸೋತವರು ಇದ್ರೆ ಕಾಮೆಂಟಲ್ಲಿ ಬರೀರಿ. ಎಷ್ಟಕ್ಕೆ ತಗೊಂಡ್ರಿ ಅನ್ನೋದಲ್ಲ, ತಗೊಂಡ ಮೇಲೆ ಮೊದಲ ವರ್ಷ ಎಷ್ಟು ಖರ್ಚಾಯ್ತು ಅನ್ನೋದನ್ನ ಬರೀರಿ. ಅಣ್ಣ ಓದ್ತಾನೆ.

#ಶ್ರೀರಂಗಪಟ್ಟಣ #ಮಂಡ್ಯ #ಬಿಕಾಂಲೆಕ್ಕ #ಹಳೇಕಾರು #ಹೈಬ್ರಿಡ್ #ಆಲೆಮನೆ